ಮೂರು ಪುಸ್ತಕ, ಒಂದೇ ಸಾಕ್ಷಿ



“ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ.” ಈ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಹೇಳಿದವನಿಗೆ ಬುದ್ಧಿಯಿಲ್ಲ, ಸರಿ; ಕೇಳಿದವನಿಗೂ ಇಲ್ಲವಲ್ಲ ಎಂದು ನಾವು ನಗುತ್ತೇವೆ. ಆದರೆ ಅದೇ ಎತ್ತು ಅಚ್ಚಾದ ಪುಸ್ತಕವೊಂದರಲ್ಲಿ, ನೂರಾ ಹನ್ನೆರಡನೆಯ ಪುಟದಲ್ಲಿ ಈದಿದ್ದರೆ? ಆಗ ನಾವು ನಗುವುದಿಲ್ಲ. ಪುಟದ ಸಂಖ್ಯೆಯನ್ನು ಗುರುತು ಹಾಕಿಕೊಂಡು, ಕರುವನ್ನು ಕಟ್ಟಲು ಹಗ್ಗ ಹುಡುಕುತ್ತೇವೆ. ಅಚ್ಚಿನ ಮಹಿಮೆ ಅಂಥದು.

ಈ ಹೊತ್ತು ನಾನು ಹೇಳಬೇಕೆಂದಿರುವುದು ಕಾಲೇಜಿನ ವಿದ್ಯಾರ್ಥಿಗಳು ಬರೆಯುವ ಸಂಶೋಧನ ಪ್ರಬಂಧದ ವಿಷಯ. ಅದರಲ್ಲಿಯೂ ಎರಡು ಮಾತು: ಆಧಾರಗಳನ್ನು ಹೇಗೆ ತೂಗಿ ನೋಡಬೇಕು, ತೂಗಿ ತೆಗೆದುಕೊಂಡದ್ದನ್ನು ಹೇಗೆ ನಮೂದಿಸಬೇಕು. ಇದು ಹುಡುಗರಿಗೆ ಸಂಬಂಧಪಟ್ಟದ್ದು, ನಮಗೇನು ಎಂದು ಮನೆಯ ಹಿರಿಯರು ರೇಡಿಯೋದ ತಿರುಪನ್ನು ತಿರುಗಿಸಿಬಿಡಬಾರದು. ಏಕೆಂದರೆ ಈ ವಿದ್ಯೆಯನ್ನು ಕಾಲೇಜಿನವರಿಗಿಂತ ಚೆನ್ನಾಗಿ ಬಲ್ಲವರು ಮನೆಯ ಹಿರಿಯರೇ.

ಮಗಳಿಗೆ ಒಂದು ಸಂಬಂಧ ಬಂದಿತು ಎನ್ನಿ. ಹುಡುಗ ಒಳ್ಳೆಯವನು ಎಂದು ಒಬ್ಬರು ಬಂದು ಹೇಳುತ್ತಾರೆ. ಮನೆಯ ಹಿರಿಯರು ಒಡನೆಯೇ ಒಪ್ಪುತ್ತಾರೆಯೇ? ಇಲ್ಲ. ಹೇಳಿದವರು ಯಾರು? ಹುಡುಗನನ್ನು ಕಣ್ಣಾರೆ ಕಂಡವರೋ, ಕೇಳಿ ಬಲ್ಲವರೋ? ಕಂಡದ್ದು ಈಚೆಗೋ, ಹತ್ತು ವರ್ಷದ ಹಿಂದೆಯೋ? ಈ ಮದುವೆ ನಡೆದರೆ ಅವರಿಗೇನಾದರೂ ಲಾಭವುಂಟೋ? ಇಷ್ಟನ್ನೂ ವಿಚಾರಿಸುತ್ತಾರೆ. ಇನ್ನೂ ಇಬ್ಬರು ಬಂದು ಅದೇ ಮಾತನ್ನು ಹೇಳಿದಾಗ ಮನಸ್ಸಿಗೆ ಸಮಾಧಾನವಾಗುತ್ತದೆ. ಆದರೆ ಮೂವರೂ ಒಬ್ಬನೇ ಮದುವೆ ದಲ್ಲಾಳಿಯ ಬಾಯಿಂದ ಕೇಳಿಕೊಂಡು ಬಂದವರು ಎಂದು ಸಂಜೆಯ ಹೊತ್ತಿಗೆ ತಿಳಿದರೆ ಆ ಸಮಾಧಾನ ಅಲ್ಲಿಯೇ ಆರಿಹೋಗುತ್ತದೆ. ಬಾಯಿ ಮೂರು, ಸಾಕ್ಷಿ ಒಂದೇ.

ಸಂಶೋಧನೆಯ ವಿಷಯದಲ್ಲಿ ನಾನು ಹೇಳಬೇಕಾದ ಮುಖ್ಯವಾದ ಮಾತು ಇಷ್ಟೇ. ಆದರೆ ಇದನ್ನು ನಾನು ಪುಸ್ತಕ ಓದಿ ಕಲಿಯಲಿಲ್ಲ. ನನ್ನ ವಿದ್ಯಾರ್ಥಿನಿಯೊಬ್ಬಳಿಂದ, ನನ್ನದೇ ತಪ್ಪಿನಿಂದ ಕಲಿತೆ. ಅದನ್ನು ಮೊದಲು ನಿಮ್ಮಲ್ಲಿ ಒಪ್ಪಿಸಿಬಿಡುತ್ತೇನೆ.

ನಾನು ಉಪಾಧ್ಯಾಯ ವೃತ್ತಿಗೆ ಸೇರಿದ ಹೊಸದರಲ್ಲಿ ನಮ್ಮ ಸೀಮೆಯ ಒಂದು ಸಣ್ಣ ದೇವಾಲಯದ ಮೇಲೆ ಲೇಖನವೊಂದನ್ನು ಬರೆದೆ. ಹೊಯ್ಸಳರ ಕಾಲದ ಗುಡಿ. ಅಂಗಳದಲ್ಲಿ ಒಂದು ಶಾಸನ. ಗುಡಿಗೆ ಹೋಗಿ ಬಂದದ್ದೂ ಉಂಟು. ಆದರೆ ಹೋದದ್ದು ನಡುಮಧ್ಯಾಹ್ನ, ಕಲ್ಲಿನ ಮೇಲೆ ಪಾಚಿ, ಅಕ್ಷರ ಕಾಣಲಿಲ್ಲ. ಅರ್ಚಕರ ಮನೆಯಲ್ಲಿ ಸ್ಥಳಮಹಾತ್ಮೆಯ ಕಿರುಹೊತ್ತಗೆಯೊಂದು ಸಿಕ್ಕಿತು. ಅದರಲ್ಲಿ ಶಾಸನದ ಕಾಲ ಶಕವರ್ಷ ೧೦೭೮ ಎಂದು ಅಚ್ಚಾಗಿತ್ತು. ಶಕವರ್ಷಕ್ಕೆ ೭೮ ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ. ಕೂಡಿಸಿದೆ, ೧೧೫೬ ಬಂದಿತು. ನೆರೆಯ ಊರಿನ ಗುಡಿ ೧೧೬೦ರದೆಂದು ನನಗೆ ಮೊದಲೇ ತಿಳಿದಿತ್ತು. ಆದ್ದರಿಂದ ಈ ಗುಡಿಯೇ ನಾಲ್ಕು ವರ್ಷ ಹಿರಿಯದು ಎಂದು ಬರೆದೆ. ಹೊತ್ತಗೆಯ ಹೆಸರನ್ನು ಹೇಳಲಿಲ್ಲ. “ಶಾಸನದಿಂದ ತಿಳಿದುಬರುತ್ತದೆ” ಎಂದು ಗಂಭೀರವಾಗಿ ಬರೆದುಬಿಟ್ಟೆ. ಓದಿದವರು ನಾನು ಶಾಸನವನ್ನೇ ಓದಿದ್ದೇನೆ ಎಂದು ತಿಳಿದರು. ತಿಳಿಯಲಿ ಎಂಬ ಆಸೆ ನನಗೂ ಇತ್ತೆಂದು ತೋರುತ್ತದೆ.

ಲೇಖನ ಅಚ್ಚಾಯಿತು. ನಾನು ಮರೆತೆ. ಊರಿನವರು ಮರೆಯಲಿಲ್ಲ. ಎರಡು ಊರುಗಳ ನಡುವೆ ಯಾರ ದೇವರು ಹಿರಿಯ ಎಂಬ ಮಾತು ಜಾತ್ರೆಯ ಕಾಲದಲ್ಲಿ ಪ್ರತಿ ವರ್ಷವೂ ಬರುತ್ತಿತ್ತಂತೆ. ಈಗ ಪ್ರೊಫೆಸರರೇ ತೀರ್ಪು ಕೊಟ್ಟಿದ್ದಾರೆ ಎಂದು ಊರ ಬಾಗಿಲಿನ ಕಮಾನಿನ ಮೇಲೆ ೧೧೫೬ ಎಂದು ಕೆಂಪು ಬಣ್ಣದಲ್ಲಿ ಬರೆಸಿದರು.

ಹನ್ನೆರಡು ವರ್ಷಗಳು ಕಳೆದವು. ಎಂ. ಎ. ತರಗತಿಯ ವಿದ್ಯಾರ್ಥಿನಿಯೊಬ್ಬಳು ಅದೇ ದೇವಾಲಯದ ಮೇಲೆ ಪ್ರಬಂಧವನ್ನು ಬರೆದು ತಂದಳು. ಅವಳ ತಾಯಿಯ ತವರು ಆ ಊರೇ. ಪ್ರಬಂಧ ಅಚ್ಚುಕಟ್ಟಾಗಿತ್ತು, ಕಾಲ ೧೧೫೬ ಎಂದಿತ್ತು, ಮೂರು ಪುಸ್ತಕಗಳ ಹೆಸರು ಅಡಿಟಿಪ್ಪಣಿಯಲ್ಲಿದ್ದವು. ಅದರ ಜೊತೆಯಲ್ಲಿ ಅವಳ ಕೈಬರಹದ ಟಿಪ್ಪಣಿ ಪುಸ್ತಕವೂ ಇತ್ತು. ಸುಮ್ಮನೆ ಮಗುಚುತ್ತಿದ್ದೆ. ಒಂದು ಹಾಳೆಯಲ್ಲಿ ಪೆನ್ಸಿಲಿನಿಂದ “ಶಕವರ್ಷ ೧೦೮೭ ಪಾರ್ಥಿವ ಸಂವತ್ಸರ” ಎಂದು ಬರೆದು, ಅದರ ಮೇಲೆ ಒಂದು ಗೀಟು ಎಳೆದಿತ್ತು.

“ಇದೇನಮ್ಮಾ?” ಎಂದೆ.

“ಅದು ನಾನು ಕಲ್ಲಿನ ಮೇಲೆ ಓದಿದ್ದು ಸಾರ್. ತಾತನ ಜೊತೆ ಹೋಗಿದ್ದೆ. ತಾತ ನೀರು ಹಾಕಿ ಮೆಲ್ಲಗೆ ತೊಳೆದುಕೊಟ್ಟರು. ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರ ಚೆನ್ನಾಗಿ ಕಾಣಿಸಿತು.”

“ಮತ್ತೆ ಹೊಡೆದುಹಾಕಿದ್ದೇಕೆ?”

ಅವಳು ಸ್ವಲ್ಪ ಸಂಕೋಚಪಟ್ಟುಕೊಂಡಳು. “ಮೂರು ಪುಸ್ತಕದಲ್ಲಿ ೧೦೭೮ ಅಂತ ಇದೆ ಸಾರ್. ನಾನೇ ತಪ್ಪು ಓದಿರಬೇಕು ಅಂದುಕೊಂಡೆ. ಅದರಲ್ಲಿ ಒಂದು ನಿಮ್ಮದೇ.”

ಆ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಮರುದಿನ ಆ ಮೂರು ಪುಸ್ತಕಗಳನ್ನು ಮುಂದಿಟ್ಟುಕೊಂಡು ಕುಳಿತೆ. ಒಂದು ನನ್ನದು. ಎರಡನೆಯದು ನನ್ನ ಲೇಖನವನ್ನೇ ಆಧಾರವಾಗಿ ಹೇಳಿತ್ತು. ಮೂರನೆಯದು ಎರಡನೆಯದನ್ನು ಹೇಳಿತ್ತು. ಮೂರನ್ನೂ ಹಿಂದಕ್ಕೆ ನಡೆಸಿಕೊಂಡು ಹೋದರೆ ಎಲ್ಲವೂ ಹೋಗಿ ನಿಲ್ಲುವುದು ಅರ್ಚಕರ ಮನೆಯ ಆ ಕಿರುಹೊತ್ತಗೆಯಲ್ಲಿ. ಅದನ್ನು ಅಚ್ಚುಮಾಡಿದ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿದವನ ಕೈಯಲ್ಲಿ. ಅವನು ೮೭ ಎಂಬುದನ್ನು ೭೮ ಎಂದು ಹಿಂದುಮುಂದಾಗಿ ಇಟ್ಟಿದ್ದ.

ಮೊಳೆಯ ತಪ್ಪೇ ಹೊರತು ಹುಡುಗಿಯ ತಪ್ಪಲ್ಲ ಎಂದು ಗೊತ್ತಾದದ್ದು ಹೇಗೆ? ಅವಳು ಸಂವತ್ಸರದ ಹೆಸರನ್ನೂ ಬರೆದುಕೊಂಡಿದ್ದಳಷ್ಟೆ. ಇದಕ್ಕೊಂದು ಸುಲಭವಾದ ಲೆಕ್ಕವುಂಟು. ಕಾಗದ ಪೆನ್ಸಿಲು ಹತ್ತಿರವಿದ್ದರೆ ನೀವೂ ಮಾಡಿನೋಡಬಹುದು. ಶಕವರ್ಷಕ್ಕೆ ೧೨ನ್ನು ಕೂಡಿಸಿ ೬೦ರಿಂದ ಭಾಗಿಸಬೇಕು. ಉಳಿದ ಶೇಷವೇ ಪ್ರಭವದಿಂದ ಎಣಿಸಿದಾಗ ಸಂವತ್ಸರದ ಸ್ಥಾನ. ೨೦೨೫ರ ಯುಗಾದಿಗೆ ಶಕ ೧೯೪೭ ಆರಂಭವಾಯಿತು. ೧೨ ಕೂಡಿಸಿದರೆ ೧೯೫೯. ೬೦ರಿಂದ ಭಾಗಿಸಿದರೆ ಶೇಷ ೩೯. ಮೂವತ್ತೊಂಬತ್ತನೆಯದು ವಿಶ್ವಾವಸು, ಆ ವರ್ಷದ ಪಂಚಾಂಗದಲ್ಲಿದ್ದ ಹೆಸರೂ ಅದೇ. ಈಗ ೧೦೮೭ಕ್ಕೆ ಮಾಡಿನೋಡಿ: ಶೇಷ ೧೯, ಪಾರ್ಥಿವ. ೧೦೭೮ಕ್ಕೆ ಮಾಡಿದರೆ ಶೇಷ ೧೦, ಧಾತು. ಕಲ್ಲಿನಲ್ಲಿರುವುದು ಪಾರ್ಥಿವ. ಶಾಸನಗಳಲ್ಲಿ ನಡೆಯುತ್ತಿರುವ ವರ್ಷವನ್ನು ಎಣಿಸಿದರೋ ಕಳೆದ ವರ್ಷವನ್ನು ಎಣಿಸಿದರೋ ಎಂಬುದರಿಂದ ಒಂದು ವರ್ಷದ ವ್ಯತ್ಯಾಸ ಬರುವುದುಂಟು. ಒಂಬತ್ತು ವರ್ಷದ ವ್ಯತ್ಯಾಸ ಬರಲಾರದು. ಗುಡಿಯ ಕಾಲ ೧೧೬೫. ನೆರೆಯೂರಿನ ಗುಡಿಯೇ ಹಿರಿಯದು.

ನನ್ನ ತಪ್ಪಿನಿಂದ ನನಗಾದ ಅವಮಾನ ದೊಡ್ಡದಲ್ಲ. ದೊಡ್ಡದು ಬೇರೆ ಇದೆ. ತನ್ನ ಕಣ್ಣಿನಿಂದ ಸರಿಯಾಗಿ ಕಂಡ ಒಬ್ಬ ಹುಡುಗಿ, ಕಾಣದೆ ಬರೆದ ಮೂವರನ್ನು ನಂಬಿ ತಾನು ಕಂಡದ್ದರ ಮೇಲೆ ಗೀಟು ಎಳೆದಳು. ಆ ಗೀಟನ್ನು ಎಳೆಸಿದವನು ಅವಳ ಉಪಾಧ್ಯಾಯನಾದ ನಾನು. “ಶಾಸನದಿಂದ ತಿಳಿದುಬರುತ್ತದೆ” ಎನ್ನುವ ಬದಲು “ಇಂಥ ಕಿರುಹೊತ್ತಗೆಯಲ್ಲಿ ಹೀಗಿದೆ, ಶಾಸನವನ್ನು ನಾನು ಓದಿಲ್ಲ” ಎಂದು ಒಂದು ಸಾಲು ಬರೆದಿದ್ದರೆ ಆ ತಪ್ಪು ಹನ್ನೆರಡು ವರ್ಷ ಬದುಕುತ್ತಿರಲಿಲ್ಲ.

ಇಂಥ ತಪ್ಪುಗಳು ನಮ್ಮ ಸಣ್ಣ ಊರುಗಳಲ್ಲಿ ಮಾತ್ರ ನಡೆಯುತ್ತವೆ ಎಂದುಕೊಳ್ಳಬೇಡಿ. ಪಾಲಕ್ ಸೊಪ್ಪಿನ ಕಥೆಯನ್ನು ನೀವು ಕೇಳಿರಬಹುದು. ಹತ್ತೊಂಬತ್ತನೆಯ ಶತಮಾನದಲ್ಲಿ ಯಾರೋ ವಿಜ್ಞಾನಿ ದಶಮಾಂಶ ಬಿಂದುವನ್ನು ತಪ್ಪಾದ ಸ್ಥಳದಲ್ಲಿ ಇಟ್ಟುಬಿಟ್ಟ. ಅದರಿಂದ ಪಾಲಕ್ಕಿನಲ್ಲಿ ಇರುವುದಕ್ಕಿಂತ ಹತ್ತು ಪಟ್ಟು ಕಬ್ಬಿಣದ ಅಂಶವಿದೆ ಎಂಬ ಭ್ರಮೆ ಹಬ್ಬಿತು ಎಂದು ಆ ಕಥೆ. ೧೯೮೧ರಲ್ಲಿ ಹ್ಯಾಂಬ್ಲಿನ್ ಎಂಬ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಇದನ್ನು ಬರೆದರು. ಅಲ್ಲಿಂದ ಅದು ಎಷ್ಟೋ ಪುಸ್ತಕಗಳಿಗೆ ಹೋಯಿತು. ಅಜಾಗರೂಕತೆಯಿಂದ ಬರೆಯಬೇಡಿರಪ್ಪಾ ಎಂದು ವಿದ್ಯಾರ್ಥಿಗಳಿಗೆ ಬುದ್ಧಿ ಹೇಳುವುದಕ್ಕೆ ಉಪಾಧ್ಯಾಯರು ಅದನ್ನೇ ಉದಾಹರಿಸಿದರು. ೨೦೧೦ರಲ್ಲಿ ಸಟನ್ ಎಂಬ ಇಂಗ್ಲಿಷ್ ವಿದ್ವಾಂಸರು ಆ ದಶಮಾಂಶ ಬಿಂದುವಿನ ಜಾಡನ್ನು ಹಿಡಿದು ಹಿಂದಕ್ಕೆ ಹೋದರು. ಹ್ಯಾಂಬ್ಲಿನ್ ತಮ್ಮ ಲೇಖನದಲ್ಲಿ ಆ ಮಾತಿಗೆ ಆಧಾರವನ್ನೇ ಕೊಟ್ಟಿರಲಿಲ್ಲ. ಹುಡುಕಿದಷ್ಟಕ್ಕೂ ಬಿಂದು ತಪ್ಪಿದ್ದಕ್ಕೆ ಪುರಾವೆ ದೊರೆಯಲಿಲ್ಲ. ೨೦೧೪ರಲ್ಲಿ ರೆಕ್ಡಾಲ್ ಎಂಬ ನಾರ್ವೆಯ ವಿದ್ವಾಂಸರು ಇದನ್ನು ಕುರಿತೇ ಒಂದು ಪ್ರಬಂಧವನ್ನು ಬರೆದು, ಮೂಲವನ್ನು ನೋಡದೆ ಒಬ್ಬರನ್ನೊಬ್ಬರು ಉದಾಹರಿಸುವುದರಿಂದ ವಿದ್ವಾಂಸರ ನಡುವೆಯೂ ದಂತಕಥೆಗಳು ಹುಟ್ಟುತ್ತವೆ ಎಂದು ತೋರಿಸಿಕೊಟ್ಟರು. ಅಜಾಗರೂಕತೆಗೆ ಉದಾಹರಣೆಯಾಗಿ ಹೇಳುತ್ತಿದ್ದ ಕಥೆಯೇ ಅಜಾಗರೂಕತೆಯಿಂದ ಹಬ್ಬಿದ್ದು!

ಹಾಗಾದರೆ ವಿದ್ಯಾರ್ಥಿ ಏನು ಮಾಡಬೇಕು? ಸಂಬಂಧ ವಿಚಾರಿಸುವ ಹಿರಿಯರು ಕೇಳುವ ಪ್ರಶ್ನೆಗಳನ್ನೇ ಪುಸ್ತಕಕ್ಕೂ ಕೇಳಬೇಕು.

ಮೊದಲನೆಯ ಪ್ರಶ್ನೆ: ಹೇಳುವವರು ಯಾರು, ಅವರಿಗೆ ಹೇಗೆ ಗೊತ್ತು? ಕಂಡು ಬರೆದವರೋ, ಕಂಡವರನ್ನು ಕೇಳಿ ಬರೆದವರೋ? ಶಾಸನದ ಪಾಠ ಬೇಕಾದರೆ ಬಿ. ಎಲ್. ರೈಸ್ ಅವರು ಆರಂಭಿಸಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳಿವೆ. ೧೮೮೬ರಿಂದ ೧೯೦೫ರವರೆಗೆ ಹನ್ನೆರಡು ಸಂಪುಟಗಳು ಹೊರಬಂದವು; ಸಾವಿರಾರು ಶಾಸನಗಳು ತಾಲ್ಲೂಕುವಾರಾಗಿ, ಸಂಖ್ಯೆ ಹಾಕಿಕೊಂಡು ಅವುಗಳಲ್ಲಿವೆ. ಪುಸ್ತಕಾಲಯದ ಆ ಬೀರುವಿನವರೆಗೆ ಹತ್ತು ಹೆಜ್ಜೆ ನಡೆಯಲು ನಾನು ಸೋಮಾರಿಯಾದೆ, ನೀವು ಆಗಬೇಡಿ.

ಎರಡನೆಯ ಪ್ರಶ್ನೆ: ಯಾವಾಗ ಹೇಳಿದ್ದು? ವಿದ್ಯೆ ನಿಂತ ನೀರಲ್ಲ. ಕವಿರಾಜಮಾರ್ಗವನ್ನು ಕೆ. ಬಿ. ಪಾಠಕರು ೧೮೯೮ರಲ್ಲಿ ಅಚ್ಚಿಗೆ ತಂದರು. ಅದನ್ನು ಬರೆದವನು ರಾಷ್ಟ್ರಕೂಟ ದೊರೆ ನೃಪತುಂಗನೇ ಎಂದು ಹಳೆಯ ಪುಸ್ತಕಗಳಲ್ಲಿ ಕಾಣುತ್ತೀರಿ. ಅನಂತರ ಚರ್ಚೆ ಬೆಳೆದು, ಅವನ ಆಸ್ಥಾನದ ಶ್ರೀವಿಜಯನು ಬರೆದದ್ದೆಂಬ ಅಭಿಪ್ರಾಯ ಬಹುಮಂದಿ ವಿದ್ವಾಂಸರಿಗೆ ಒಪ್ಪಿಗೆಯಾಯಿತು. ಹಳೆಯ ಪುಸ್ತಕ ಕೆಟ್ಟದ್ದಲ್ಲ. ಅದು ತನ್ನ ಕಾಲಕ್ಕೆ ತಿಳಿದಷ್ಟನ್ನು ಹೇಳಿತು. ಆದರೆ ಅದೊಂದನ್ನೇ ಓದಿ ಪ್ರಬಂಧ ಬರೆಯುವವನು ಚರ್ಚೆ ಮುಗಿದ ಮೇಲೆ ಸಭೆಗೆ ಬಂದು ಮೊದಲನೆಯ ಭಾಷಣವನ್ನೇ ಮತ್ತೆ ಮಾಡಿದಂತಾಗುತ್ತದೆ.

ಮೂರನೆಯ ಪ್ರಶ್ನೆ: ಹೀಗೆ ಹೇಳುವುದರಿಂದ ಅವರಿಗೇನು ಪ್ರಯೋಜನ? ಮೂಲವಾದ ಮಾತ್ರಕ್ಕೆ ಅದು ಸತ್ಯವನ್ನೇ ಹೇಳುತ್ತದೆಂದು ತಿಳಿಯಬಾರದು. ಭೂಮಿಯ ಮೇಲೆ ಹಕ್ಕನ್ನು ಸಾಧಿಸುವುದಕ್ಕಾಗಿ ಹಿಂದೆಯೇ ಕೆಲವರು ಹಳೆಯ ದೊರೆಗಳ ಹೆಸರಿನಲ್ಲಿ ತಾಮ್ರಪಟಗಳನ್ನು ಸೃಷ್ಟಿಸಿದ್ದುಂಟು. ಜೆ. ಎಫ್. ಫ್ಲೀಟ್ ಅವರು ೧೯೦೧ರಲ್ಲಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಇಂಥ ಕೂಟಶಾಸನಗಳ ಒಂದು ಪಟ್ಟಿಯನ್ನೇ ಕೊಟ್ಟರು. ಗಂಗರ ಹೆಸರಿನ ತಾಮ್ರಶಾಸನಗಳಲ್ಲಿ ಹಲವು ಅವರ ಪಟ್ಟಿಗೆ ಸೇರಿದವು. ಹೇಳಿಕೊಂಡ ಕಾಲಕ್ಕಿಂತ ಅಕ್ಷರದ ರೂಪ ಈಚಿನದಾಗಿದೆಯೇ? ಕೊಟ್ಟಿರುವ ತಿಥಿಗೂ ವಾರಕ್ಕೂ ಹೊಂದಿಕೆಯಿದೆಯೇ? ಇಂಥ ಪರೀಕ್ಷೆಗಳಿಂದ ಅವರು ಶಾಸನಗಳನ್ನು ಜಾಲಿಸಿದರು. ಅವರ ತೀರ್ಪುಗಳನ್ನೆಲ್ಲ ಮುಂದಿನ ವಿದ್ವಾಂಸರು ಒಪ್ಪಲಿಲ್ಲ. ರೈಸ್ ಅವರಿಗೂ ಫ್ಲೀಟ್ ಅವರಿಗೂ ಗಂಗರ ವಿಷಯದಲ್ಲಿ ದೊಡ್ಡ ವಾದವೇ ನಡೆಯಿತು. ಆದರೆ ಇಬ್ಬರೂ ತಾವು ಯಾವುದನ್ನು ನೋಡಿ ಹೇಳುತ್ತಿದ್ದೇವೆ ಎಂಬುದನ್ನು ಬರೆದಿಟ್ಟರು. ಅದರಿಂದಲೇ ನಾವು ಇಂದೂ ಅವರ ವಾದವನ್ನು ತೂಗಿ ನೋಡಬಹುದಾಗಿದೆ.

ಕೊನೆಯ ಪ್ರಶ್ನೆ, ನಾನು ಬೆಲೆ ತೆತ್ತು ಕಲಿತದ್ದು: ಈ ಮಾತನ್ನು ಸ್ವತಂತ್ರವಾಗಿ ಇನ್ನಾರು ಹೇಳಿದ್ದಾರೆ? ಒಂದೇ ಬಾವಿಯಿಂದ ಮೂರು ಕೊಡ ಸೇದಿದರೆ ಮೂರು ಬಾವಿಯ ನೀರಾಗುವುದಿಲ್ಲ. ಎರಡು ಪುಸ್ತಕಗಳಲ್ಲಿ ಒಂದೇ ಬಗೆಯ ತಪ್ಪು ಕಂಡರೆ ಒಂದು ಇನ್ನೊಂದರ ಮಗಳೆಂದು ತಿಳಿಯಿರಿ.

ಇನ್ನು ನಮೂದಿಸುವ ವಿಷಯ. ಪ್ರಬಂಧದ ಕೊನೆಯಲ್ಲಿ ಓದಿದ ಪುಸ್ತಕಗಳ ಪಟ್ಟಿಯನ್ನು ಕೊಡುವಾಗ ಕನ್ನಡದ ವಿದ್ವಾಂಸರು ಅದಕ್ಕೊಂದು ಸೊಗಸಾದ ಹೆಸರನ್ನು ಕೊಟ್ಟಿದ್ದಾರೆ: ಗ್ರಂಥಋಣ. ಹೆಸರಿನಲ್ಲಿಯೇ ಅರ್ಥವಿದೆ. ಪಟ್ಟಿ ಆಡಂಬರಕ್ಕಲ್ಲ, ಸಾಲ ಒಪ್ಪಿಕೊಳ್ಳುವುದಕ್ಕೆ. ಸಾಲದ ಪತ್ರದಲ್ಲಿ ಯಾರಿಂದ, ಎಷ್ಟು, ಯಾವ ದಿನ ಎಂಬುದಿಲ್ಲದಿದ್ದರೆ ಅದು ಪತ್ರವೇ ಅಲ್ಲ. ಹಾಗೆಯೇ ಇಲ್ಲಿಯೂ ಲೇಖಕರ ಹೆಸರು, ಪುಸ್ತಕದ ಹೆಸರು, ಎಷ್ಟನೆಯ ಮುದ್ರಣ, ಪ್ರಕಾಶಕರು, ಊರು, ವರ್ಷ, ಪುಟ ಇವಿಷ್ಟೂ ಇರಬೇಕು. ಯಾವುದು ಮೊದಲು, ಯಾವುದು ಅನಂತರ, ಎಲ್ಲಿ ಅಲ್ಪವಿರಾಮ ಎಂಬ ಕ್ರಮ ಒಂದೊಂದು ವಿಶ್ವವಿದ್ಯಾನಿಲಯದಲ್ಲಿ ಒಂದೊಂದು ಬಗೆ. ನಿಮ್ಮ ಅಧ್ಯಾಪಕರು ಹೇಳಿದ ಕ್ರಮವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ರೀತಿ ಅನುಸರಿಸಿದರೆ ಸಾಕು. ಕ್ರಮಕ್ಕಿಂತ ಮುಖ್ಯವಾದದ್ದು ಇದು: ನೀವು ನಡೆದ ದಾರಿಯಲ್ಲಿ ಇನ್ನೊಬ್ಬರು ನಡೆದು ಅದೇ ಸ್ಥಳಕ್ಕೆ ಬರಲು ಸಾಧ್ಯವಾಗಬೇಕು.

ಮುದ್ರಣದ ಮಾತು ಬರಿಯ ಶಾಸ್ತ್ರಕ್ಕಲ್ಲ. ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಆವೃತ್ತಿಯಲ್ಲಿ ಬೇಲೂರು ತಾಲ್ಲೂಕಿನ ಶಾಸನಗಳು ಐದನೆಯ ಸಂಪುಟದಲ್ಲಿವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ೧೯೭೨ರಿಂದ ಪರಿಷ್ಕೃತ ಆವೃತ್ತಿಯನ್ನು ಹೊರತಂದಾಗ ಅವು ಒಂಬತ್ತನೆಯ ಸಂಪುಟಕ್ಕೆ ಬಂದವು. ಯಾವ ಆವೃತ್ತಿಯೆಂದು ಹೇಳದೆ ಬರಿಯ ಸಂಖ್ಯೆಯನ್ನು ಬರೆದರೆ, ನಂಬಿ ಹೋದವನು ಬೇರೊಂದು ಊರಿನ ಕಲ್ಲಿನ ಮುಂದೆ ನಿಲ್ಲುತ್ತಾನೆ.

ನಮೂದಿಸುವುದು ಹೇಗೆಂದು ಕಲಿಯಬೇಕೆಂದರೆ ಕಿಟ್ಟೆಲ್ ಅವರ ಕನ್ನಡ ನಿಘಂಟನ್ನು ತೆರೆದು ನೋಡಿ. ೧೮೯೪ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದು. ಪದ, ಅರ್ಥ, ಅದರ ಪಕ್ಕದಲ್ಲಿ ಪುಟ್ಟ ಸಂಕೇತಾಕ್ಷರಗಳು. ಯಾವ ಸಂಕೇತ ಯಾವ ಗ್ರಂಥಕ್ಕೆ ಎಂಬ ಪಟ್ಟಿ ಮೊದಲಲ್ಲಿಯೇ ಇದೆ. ಜರ್ಮನಿಯಿಂದ ಬಂದವರೊಬ್ಬರು, ಈ ಪದಕ್ಕೆ ಈ ಅರ್ಥವುಂಟೆಂದು ನನ್ನ ಮಾತನ್ನು ನಂಬಬೇಡಿ, ನಿಮ್ಮ ಕವಿಗಳನ್ನೇ ಕೇಳಿಕೊಳ್ಳಿ ಎಂದು ಪುಟಪುಟದಲ್ಲಿಯೂ ನಮಗೆ ದಾರಿ ತೋರಿಸಿದ ಹಾಗಿದೆ.

ಕೆಲಸದ ರೀತಿಯಲ್ಲಿ ಎರಡು ಸೂಚನೆಗಳು. ಓದುವಾಗಲೇ, ಒಂದು ವಿಷಯಕ್ಕೆ ಒಂದು ಚೀಟಿಯಂತೆ ಬರೆದುಕೊಳ್ಳಿ. ಚೀಟಿಯ ತಲೆಯಲ್ಲಿ ಪುಸ್ತಕದ ವಿವರವೂ ಪುಟವೂ ಇರಲಿ. ಲೇಖಕರ ಮಾತನ್ನು ಇದ್ದಂತೆಯೇ ತೆಗೆದುಕೊಂಡರೆ ಉದ್ಧರಣ ಚಿಹ್ನೆ ಹಾಕಿ. ನಿಮ್ಮ ಸ್ವಂತ ಆಲೋಚನೆಯನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆಯಿರಿ. ಆರು ತಿಂಗಳ ಮೇಲೆ ಚೀಟಿ ತೆಗೆದು ನೋಡಿದಾಗ ಯಾವುದು ಅವರದು, ಯಾವುದು ನಿಮ್ಮದು ಎಂದು ಬ್ರಹ್ಮನಿಗೂ ತಿಳಿಯದ ಸ್ಥಿತಿ ಬರಬಾರದು. ಎರಡನೆಯದು, ನೀವು ಯಾವುದನ್ನು ನೋಡಿದಿರೋ ಅದನ್ನೇ ಹೇಳಿ. ರೈಸ್ ಅವರ ಮಾತನ್ನು ಇನ್ನೊಬ್ಬರ ಪುಸ್ತಕದಲ್ಲಿ ಓದಿದ್ದರೆ, ರೈಸ್ ಅವರದು, ಇಂಥವರ ಪುಸ್ತಕದಲ್ಲಿ ಉಲ್ಲೇಖಿತ ಎಂದು ಬರೆಯಿರಿ. ಇದರಲ್ಲಿ ನಾಚಿಕೆಯೇನೂ ಇಲ್ಲ. ನಾಚಿಕೆಯೆಂದರೆ ನಾನು ಮಾಡಿದ್ದು.

ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂಬುದಕ್ಕೆ ಅಡಿಟಿಪ್ಪಣಿ ಬೇಡ. ಎಲ್ಲರೂ ಬಲ್ಲದ್ದಕ್ಕೆ ಆಧಾರ ಹೇಳುವುದು ಪಾಂಡಿತ್ಯವಲ್ಲ. ಆದರೆ ಒಬ್ಬರು ಶ್ರಮಪಟ್ಟು ಕಂಡುಹಿಡಿದದ್ದನ್ನು ಅವರ ಹೆಸರಿಲ್ಲದೆ ಎತ್ತಿಕೊಂಡರೆ ಅದನ್ನು ಮನೆಯ ಭಾಷೆಯಲ್ಲಿ ಕಳವು ಎನ್ನುತ್ತಾರೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೧೮ರಲ್ಲಿ ಹೊರಡಿಸಿದ ನಿಯಮಾವಳಿಯಲ್ಲಿ ಇದಕ್ಕೆ ದಂಡನೆಯ ಮೆಟ್ಟಿಲುಗಳನ್ನೇ ಹಾಕಿತು. ಬೇರೆಯವರ ಬರಹದೊಡನೆ ಹೋಲಿಕೆ ನೂರಕ್ಕೆ ಹತ್ತರವರೆಗೆ ಇದ್ದರೆ ಶಿಕ್ಷೆಯಿಲ್ಲ. ಅದು ಹೆಚ್ಚಿದಂತೆ ಪ್ರಬಂಧವನ್ನು ತಿದ್ದಿ ಬರೆಯಬೇಕು. ಅರವತ್ತನ್ನು ಮೀರಿದರೆ ವಿದ್ಯಾರ್ಥಿಯ ನೋಂದಣಿಯೇ ರದ್ದು. ಇದನ್ನು ಹೆದರಿಸುವುದಕ್ಕೆ ಹೇಳುತ್ತಿಲ್ಲ. ಹೆಸರು ಹೇಳಿ ತೆಗೆದುಕೊಂಡರೆ ಅದು ಋಣ. ಹೇಳದೆ ತೆಗೆದುಕೊಂಡರೆ ಅಪರಾಧ. ನಡುವೆ ಇರುವುದು ಒಂದು ಸಾಲು.

ಈಗಿನ ಮಕ್ಕಳ ಕೈಯಲ್ಲಿ ಇನ್ನೊಂದು ಸಾಧನ ಬಂದಿದೆ. ಪ್ರಶ್ನೆ ಕೇಳಿದರೆ ಯಂತ್ರವೇ ಉತ್ತರವನ್ನು ಬರೆದು, ಕೆಳಗೆ ಗ್ರಂಥಋಣವನ್ನೂ ಜೋಡಿಸಿಕೊಡುತ್ತದೆ. ೨೦೨೩ರಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯದಲ್ಲಿ ನಡೆದದ್ದನ್ನು ಕೇಳಿ. ವಕೀಲರೊಬ್ಬರು ಇಂಥ ಯಂತ್ರವನ್ನು ಕೇಳಿ ಹಿಂದಿನ ತೀರ್ಪುಗಳನ್ನು ತಮ್ಮ ವಾದಕ್ಕೆ ಆಧಾರವಾಗಿ ಕೊಟ್ಟರು. ವಾದಿ ಪ್ರತಿವಾದಿಗಳ ಹೆಸರು, ನ್ಯಾಯಾಲಯ, ವರ್ಷ ಎಲ್ಲವೂ ಸರಿಯಾಗಿತ್ತು. ಎದುರು ಪಕ್ಷದವರು ಹುಡುಕಿದರೆ ಆ ಮೊಕದ್ದಮೆಗಳೇ ಇಲ್ಲ! ಯಂತ್ರವು ಅವನ್ನು ಕಲ್ಪಿಸಿಬಿಟ್ಟಿತ್ತು. ವಕೀಲರಿಗೂ ಅವರ ಸಂಸ್ಥೆಗೂ ಸೇರಿ ಐದು ಸಾವಿರ ಡಾಲರ್ ದಂಡ ಬಿದ್ದಿತು. ಯಂತ್ರವನ್ನು ಮುಟ್ಟಲೇಬೇಡಿ ಎಂದು ನಾನು ಹೇಳುವುದಿಲ್ಲ. ನನ್ನ ಮಾತನ್ನು ಮೊಮ್ಮಕ್ಕಳು ಕೇಳುವುದೂ ಇಲ್ಲ. ಅದು ಹೇಳಿದ ಪುಸ್ತಕವನ್ನು ಕೈಯಲ್ಲಿ ಹಿಡಿದು, ಅದು ಹೇಳಿದ ಪುಟವನ್ನು ಕಣ್ಣಿನಿಂದ ನೋಡದೆ ಬರೆಯಬೇಡಿ ಎಂದಷ್ಟೇ ಹೇಳುತ್ತೇನೆ. ಕಿರುಹೊತ್ತಗೆಯನ್ನು ನಂಬಿದ ನನಗೂ ಯಂತ್ರವನ್ನು ನಂಬಿದವರಿಗೂ ಹೆಚ್ಚು ಅಂತರವಿಲ್ಲ.

ಮನೆಯಲ್ಲಿರುವ ಹಿರಿಯರಿಗೆ ಒಂದು ಮಾತು. ನೀವೂ ಆಧಾರಗಳೇ. ಅಜ್ಜಿ ಹೇಳುವ ಬೀಸುವ ಪದ, ತಾತ ಕಂಡ ಬರಗಾಲ, ಹಳೆಯ ಪೆಟ್ಟಿಗೆಯಲ್ಲಿರುವ ಲೆಕ್ಕದ ಪುಸ್ತಕ ಇವೆಲ್ಲ ನಾಳೆ ಯಾರೋ ಒಬ್ಬ ವಿದ್ಯಾರ್ಥಿಗೆ ಬೇಕಾಗುತ್ತವೆ. ಮೊಮ್ಮಗಳು ಬರೆದುಕೊಳ್ಳಲು ಕುಳಿತಾಗ ನಿಮ್ಮ ಹೆಸರು, ವಯಸ್ಸು, ಊರು, ಹೇಳಿದ ದಿನ ಇವನ್ನು ಬರೆಯುವಂತೆ ಹೇಳಿ. ಕಂಡದ್ದನ್ನು ಕಂಡೆನೆಂದೂ ಕೇಳಿದ್ದನ್ನು ಕೇಳಿದೆನೆಂದೂ ಬೇರೆ ಬೇರೆಯಾಗಿ ಹೇಳಿ. ಅಷ್ಟಾದರೆ ನಿಮ್ಮ ಮಾತು ಪುಸ್ತಕದ ಮಾತಿಗಿಂತ ಕಡಮೆಯದಾಗುವುದಿಲ್ಲ.

ನನ್ನ ವಿದ್ಯಾರ್ಥಿನಿಯ ಕಥೆಯನ್ನು ಮುಗಿಸಿಬಿಡುತ್ತೇನೆ. ಅವಳು ಪ್ರಬಂಧವನ್ನು ತಿದ್ದಿ ಬರೆದಳು. ಶಾಸನದ ಕಾಲ ಶಕವರ್ಷ ೧೦೮೭ ಎಂದು ಹೇಳಿ, ಕೆಳಗೆ ಅಡಿಟಿಪ್ಪಣಿಯಲ್ಲಿ ತಾನು ಕಲ್ಲನ್ನು ನೋಡಿದ ದಿನ, ಹೊತ್ತು, ತೊಳೆದುಕೊಟ್ಟ ತಾತನ ಹೆಸರು ಎಲ್ಲವನ್ನೂ ಬರೆದಳು. ಸಂವತ್ಸರದ ಲೆಕ್ಕವನ್ನು ಮಾಡಿ ತೋರಿಸಿದಳು. ಹಿಂದಿನ ಮೂರು ಬರಹಗಳಲ್ಲಿ ೧೦೭೮ ಎಂದಿರುವುದು ತಪ್ಪೆಂದೂ, ಆ ತಪ್ಪು ಎಲ್ಲಿಂದ ಬಂದಿತೆಂದೂ ಸೇರಿಸಿದಳು. ಮೂವರ ಹೆಸರನ್ನೂ ಕೊಟ್ಟಿದ್ದಳು. ನನ್ನ ಹೆಸರನ್ನು ಬರೆಯಲು ಹಿಂಜರಿದಳಂತೆ; ಬರೆಯದಿದ್ದರೆ ಅಂಕ ಕಡಮೆ ಮಾಡುತ್ತೇನೆ ಎಂದು ನಾನೇ ಹೆದರಿಸಿ ಬರೆಸಿದೆ.

ಆಮೇಲೆ ಲೇಖನ ಅಚ್ಚಾಗಿದ್ದ ಪತ್ರಿಕೆಗೆ ತಿದ್ದುಪಡಿಯನ್ನು ಬರೆದು ಕಳುಹಿಸಿದೆ. ಊರಿಗೂ ಹೋಗಿ ಹಿರಿಯರ ಮುಂದೆ ತಪ್ಪನ್ನು ಒಪ್ಪಿಕೊಂಡೆ. ನಾಲ್ಕು ವರ್ಷ ಹಿರಿಯರಾಗಿದ್ದವರು ಒಂದೇ ಸಂಜೆಯಲ್ಲಿ ಐದು ವರ್ಷ ಕಿರಿಯರಾದರು. ಆದರೂ ಕಾಫಿ ಕೊಟ್ಟು ಕಳುಹಿಸಿದರು. ಕಮಾನಿನ ಮೇಲಿನ ಬಣ್ಣ ಎರಡು ಜಾತ್ರೆ ಕಳೆದ ಮೇಲೆ ಬದಲಾಯಿತು. ಬೇರೆ ಬೇರೆ ಪುಸ್ತಕಾಲಯಗಳ ಬೀರುಗಳಲ್ಲಿ ಕುಳಿತಿರುವ ಆ ಮೂರು ಪುಸ್ತಕಗಳಿಗೆ ಮಾತ್ರ ಬಣ್ಣ ಬಳಿಯಲು ಆಗುವುದಿಲ್ಲ. ಅವು ಈಗಲೂ ಯಾರೋ ಒಬ್ಬ ವಿದ್ಯಾರ್ಥಿಗೆ ೧೦೭೮ ಎಂದು ಹೇಳುತ್ತಿರಬಹುದು.

ಆ ವಿದ್ಯಾರ್ಥಿ ನಿಮ್ಮ ಮನೆಯ ಮಗನೋ ಮಗಳೋ ಆಗಿದ್ದರೆ ದಯವಿಟ್ಟು ಅವರಿಗೆ ಹೇಳಿ. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ, ನೋಡಬೇಕು. ಆದರೆ ಪ್ರಮಾಣಿಸಿ ನೋಡಿದ ಮೇಲೂ ಕಂಡದ್ದು ನಿಂತರೆ, ಮೂರು ಪುಸ್ತಕಗಳು ಎದುರು ಹೇಳಿದರೂ ಅದರ ಮೇಲೆ ಗೀಟು ಎಳೆಯಬಾರದು.